ಸುಣ್ಣದ ಡಬ್ಬಿ

“ಗುರುಗಳೇ, ತಾಯಿಯ ಸುಣ್ಣದ ಡಬ್ಬಿ ಕಿತ್ತುಕೊಂಡದ್ದು ತಪ್ಪೇ?” ಎಂದು ಮಡಿವಾಳಯ್ಯ ಕೇಳಿದ.

ಅವನ ತಾಯಿಯ ಕಣ್ಣಿಗೆ ಪೊರೆ ಬಂದಿತ್ತು. ಮೊನ್ನೆ ಒಲೆ ಸರಿಯಾಗಿ ಕಾಣದೆ ಕೈ ಸುಟ್ಟುಕೊಂಡಿದ್ದಳು. ಮುಪ್ಪಿನಲ್ಲಿ ಕಣ್ಣಿನ ಮಸೂರದೊಳಗೆ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಹೆಚ್ಚಾಗಿ ಅದು ಮಂಜಾಗುತ್ತದೆ ಎಂದು ಮಡಿವಾಳಯ್ಯ ಎಲ್ಲೋ ಕೇಳಿದ್ದ. ಎಲೆಅಡಿಕೆಯ ಸುಣ್ಣವೇ ಕಣ್ಣಿಗೇರಿದೆ ಎಂದು ತಾಯಿಯನ್ನು ಬೈದು, ಡಬ್ಬಿಯನ್ನು ತಿಪ್ಪೆಗೆ ಎಸೆದು ಬಂದಿದ್ದ.

ಗುರುಗಳಿಗೆ ಸಿಟ್ಟು ನೆತ್ತಿಗೇರಿತು. “ಅರ್ಧ ಕೇಳಿ ಎದ್ದು ಬಂದವನೇ, ಉಳಿದರ್ಧ ಕೇಳು,” ಎಂದು ಹೇಳತೊಡಗಿದರು.

ಒಬ್ಬ ಗಾಜಿನ ವ್ಯಾಪಾರಿ ಸುಣ್ಣದ ಭಟ್ಟಿಯ ಪಕ್ಕದಲ್ಲಿ ಮನೆ ಕಟ್ಟಿಸಿದ. ಮನೆಗೆಲ್ಲ ಬೆಳಕು ಬರುತ್ತಿದ್ದದ್ದು ಒಂದೇ ಗಾಜಿನ ಕಿಟಕಿಯಿಂದ. ಸಂದುಗೊಂದುಗಳಿಂದ ಸುಣ್ಣದ ಪುಡಿ ಒಳಗೆ ಬರುತ್ತಲೇ ಇತ್ತು. ಆಳುಗಳು ಗೋಡೆಗೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕದ್ದನ್ನು ಗುಡಿಸಿ ಹೊರಹಾಕುತ್ತಿದ್ದರು. ಹೊಸ ಆಳನ್ನು ಸೇರಿಸಿಕೊಳ್ಳುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಕಿಟಕಿ ಹೊಳೆಯುತ್ತಿದ್ದಷ್ಟು ಕಾಲ ಅವರ ಹೆಸರನ್ನೂ ಯಾರೂ ಕೇಳಲಿಲ್ಲ.

ಆಳುಗಳು ಮುದುಕರಾದರು. ಪುಡಿ ಗಾಜಿಗೆ ಹತ್ತಿ ಗಟ್ಟಿಯಾಯಿತು. ಒಂದು ದಿನ ವ್ಯಾಪಾರಿಯ ಹೆಂಡತಿ ಹೊಸ್ತಿಲು ಕಾಣದೆ ಎಡವಿ ಬಿದ್ದಳು. ವ್ಯಾಪಾರಿ ರೇಗಿ ಹೋಗಿ ಭಟ್ಟಿಯನ್ನು ಒಡೆದುಹಾಕಿದ. ಮನೆ ಮಾತ್ರ ಕತ್ತಲಾಗಿಯೇ ಉಳಿಯಿತು.

ಭಟ್ಟಿಯವನು ಬಂದು ಅವನ ಕೊರಳಪಟ್ಟಿ ಹಿಡಿದ. “ನನ್ನ ಸುಣ್ಣ ಅವತ್ತೂ ಇತ್ತು, ಇವತ್ತೂ ಐತಿ. ಅವತ್ತು ನಿನ್ನ ಆಳುಗಳ ತೋಳಾಗ ಕಸುವಿತ್ತು. ಅಂಗಡಿ ತುಂಬ ಗಾಜು ಇಟ್ಕೊಂಡು ಒಂದು ಕಿಟಕಿಗೆ ಹಾಕಸಲಾರದೆ ನನ್ನ ಹೊಟ್ಟಿ ಮ್ಯಾಲೆ ಹೊಡದೆಲ್ಲೋ,” ಎಂದ.

ಗುರುಗಳು ಕತೆ ನಿಲ್ಲಿಸಿದರು. ಮಸೂರದಲ್ಲೂ ಹೆಚ್ಚಾದ ಸುಣ್ಣದಂಶವನ್ನು ಹೊರಹಾಕುವ ಅಂಥ ಆಳುಗಳಿದ್ದಾರೆ, ವೈದ್ಯರು ಅವರನ್ನು ಪ್ರೋಟೀನು ಎನ್ನುತ್ತಾರೆ, ಒಂದು ಜನ್ಮವಿಡೀ ದುಡಿದು ಅವು ಸೋತಿವೆ, ನಿನ್ನ ತಾಯಿ ಎಲೆಗೆ ಸವರಿದ ಸುಣ್ಣದ್ದೇನೂ ತಪ್ಪಿಲ್ಲ ಎಂದು ಗದರಿದರು.

ಮಡಿವಾಳಯ್ಯ ತಲೆ ತಗ್ಗಿಸಿದ. ಇವತ್ತೇ ಪೇಟೆಯಿಂದ ಹೊಸ ಡಬ್ಬಿ ತಂದುಕೊಟ್ಟು ತಾಯಿಯ ಕಾಲು ಹಿಡಿಯುತ್ತೇನೆ ಎಂದ. ಅದನ್ನು ಕೇಳಿ ಗುರುಗಳ ಸಿಟ್ಟು ಇನ್ನೂ ಹೆಚ್ಚಾಯಿತು.

“ಡಬ್ಬಿ ಎಸೆಯಲು ತಿಪ್ಪೆಯವರೆಗೆ ನಡೆದೆಯಲ್ಲ, ಸುಟ್ಟ ಆ ಕೈ ಹಿಡಿದುಕೊಂಡು, ಮಸೂರ ಬದಲಿಸುವ ಪಕ್ಕದ ಬೀದಿಯ ಆಸ್ಪತ್ರೆಯವರೆಗೆ ಏಕೆ ನಡೆಯಲಿಲ್ಲ?”