ಗಾಳಿ ಬಿಟ್ಟರೆ ಹಿಡಿಯುವ ಬ್ರೇಕು

ಹೊಳೆಯ ದಡದಲ್ಲಿ ಒಂದು ಆಶ್ರಮವಿತ್ತು. ಅದರ ಪಕ್ಕದಲ್ಲೇ ರೈಲು ಸೇತುವೆ.

ಆಶ್ರಮದಲ್ಲಿ ಇದ್ದದ್ದು ಗುರುಗಳು, ಒಂದು ಹಸು, ಒಬ್ಬ ಶಿಷ್ಯ. ಶಿಷ್ಯನ ಹೆಸರು ಕರಿಬಸವಯ್ಯ. ವಯಸ್ಸು ಐವತ್ತು ದಾಟಿತ್ತು. ಇಲ್ಲಿಗೆ ಬರುವ ಮೊದಲು ಅವನು ಇಪ್ಪತ್ತೆರಡು ವರ್ಷ ರೈಲು ಓಡಿಸಿದ್ದ.

ಸೇತುವೆಯ ಮೇಲೆ ರೈಲು ಬಂದಾಗಲೆಲ್ಲ ಅವನ ಕೈ ತಾನಾಗಿಯೇ ಇಲ್ಲದ ಒಂದು ಹಿಡಿಯನ್ನು ಹಿಡಿದು ಪಕ್ಕಕ್ಕೆ ತಿರುಗಿಸುತ್ತಿತ್ತು. ಪಾತ್ರೆ ತೊಳೆಯುತ್ತಿದ್ದರೆ ಪಾತ್ರೆ ಬೀಳುತ್ತಿತ್ತು. ಮೂರು ವರ್ಷದಿಂದ ಹೀಗೆಯೇ.

ಒಂದು ಸೋಮವಾರ ಅವನಿಗೆ ಕಾಗದ ಬಂತು. ಓದಿ ಗುರುಗಳ ಕೈಗೆ ಕೊಟ್ಟ.

ಅದರಲ್ಲಿ ಹೀಗಿತ್ತು: “ನಾನು ಸಾಕಮ್ಮನ ಮಗಳು ಜಯಶೀಲಾ. ಹುಲ್ಲಿಗೆ ಹೋದ ನಮ್ಮಮ್ಮ ನಿಮ್ಮ ರೈಲಿಗೆ ಸಿಕ್ಕಿ ತೀರಿಕೊಂಡರು. ನೀವು ಅಲ್ಲಿದ್ದೀರಿ ಎಂದು ಈಗ ತಿಳಿಯಿತು. ಗುರುವಾರ ಬರುತ್ತೇನೆ. ಒಂದೇ ಮಾತು ಕೇಳಬೇಕು. ಅಮ್ಮನನ್ನು ಕಂಡ ಕೂಡಲೇ ಬ್ರೇಕ್ ಹಾಕಿದಿರಾ?”

“ಬುದ್ಧಿ, ಬುಧವಾರವೇ ಎಲ್ಲಾದರೂ ಹೊರಟುಬಿಡಲಾ?” ಎಂದ ಕರಿಬಸವಯ್ಯ.

“ಹೋಗು. ಹಸು ಕೇಳಿದರೆ ಏನು ಹೇಳಲಿ?”

ಅವನು ನಗಲಿಲ್ಲ. ಗುರುಗಳೂ ನಗಲಿಲ್ಲ.

“ನನಗೆ ಎತ್ತಿನ ಗಾಡಿ ಗೊತ್ತು. ಹಗ್ಗ ಎಳೆದರೆ ನಿಲ್ಲುತ್ತೆ. ರೈಲು ಹೇಗಪ್ಪ ನಿಲ್ಲುತ್ತೆ?”

ಕರಿಬಸವಯ್ಯ ಒಂದು ಖಾಲಿ ಕೊಡ ತಂದು ಗುರುಗಳ ಎರಡು ಅಂಗೈಗಳ ನಡುವೆ ಇಟ್ಟ.

“ಈ ಕೊಡ ಚಕ್ರ ಅಂದುಕೊಳ್ಳಿ. ನಿಮ್ಮ ಕೈಗಳು ಬ್ರೇಕು. ಚಕ್ರವನ್ನ ಎರಡೂ ಕಡೆಯಿಂದ ಒತ್ತಿ ಹಿಡಿಯುತ್ತೆ. ಉಜ್ಜಿ ಉಜ್ಜಿ ವೇಗ ಇಳಿಯುತ್ತೆ.”

“ಒತ್ತೋರು ಯಾರು?”

“ಗಾಳಿ, ಬುದ್ಧಿ. ಎಂಜಿನ್ನಿಂದ ಕೊನೇ ಬೋಗಿವರೆಗೆ ಒಂದು ಉದ್ದ ಪೈಪಿದೆ. ಅದರ ತುಂಬ ಒತ್ತಡದ ಗಾಳಿ. ಒಂದೊಂದು ಬೋಗಿಯ ಕೆಳಗೂ ಒಂದೊಂದು ಗಾಳಿ ಟ್ಯಾಂಕು. ಪೈಪಿನಲ್ಲಿ ಒತ್ತಡ ಇರೋವರೆಗೂ ಟ್ಯಾಂಕಿನ ಗಾಳಿ ಸುಮ್ಮನಿರುತ್ತೆ, ಬ್ರೇಕು ಚಕ್ರವನ್ನ ಮುಟ್ಟೋದಿಲ್ಲ. ಡ್ರೈವರ್ ಹಿಡಿ ತಿರುಗಿಸಿದರೆ ಪೈಪಿನ ಗಾಳಿ ಹೊರಗೆ ಹೋಗುತ್ತೆ. ಆಗ ಟ್ಯಾಂಕಿನ ಗಾಳಿ ನುಗ್ಗಿ ಬ್ರೇಕನ್ನ ಒತ್ತುತ್ತೆ.”

“ಅಂದರೆ ಬ್ರೇಕ್ ಹಾಕೋದು ಅಂದರೆ ಗಾಳಿ ಬಿಡೋದು?”

“ಹೌದು ಬುದ್ಧಿ. ಪೈಪ್ ಒಡೆದು ಗಾಳಿ ಹೋದರೂ ಬ್ರೇಕ್ ಹಿಡಿಯುತ್ತೆ. ರೈಲು ನಡುವೆ ತುಂಡಾದರೆ ಎರಡು ತುಂಡೂ ತಾವಾಗಿ ನಿಲ್ಲುತ್ತವೆ. ಅದಕ್ಕೇ ಹಾಗೆ ಮಾಡಿರೋದು.”

ಗುರುಗಳು ಕೊಡ ಕೆಳಗಿಟ್ಟರು.

ಕರಿಬಸವಯ್ಯ ಸ್ವಲ್ಪ ಕಾದು ಹೇಳಿದ: “ಈಗ ನೀವು, ಬಿಟ್ಟುಬಿಡು ಎಲ್ಲ ತಾನಾಗಿ ನಿಲ್ಲುತ್ತೆ ಅಂತೀರಿ. ಅಲ್ಲವಾ?”

“ನಾನೇನಂದೆ? ಹಸುವಿಗೆ ಹುಲ್ಲಿಲ್ಲ. ಕೊಯ್ದುಕೊಂಡು ಬಾ.”

ಮಧ್ಯಾಹ್ನ ಅವನು ದೊಡ್ಡ ಹೊರೆ ಹೊತ್ತು ದಡದ ದಾರಿಯಲ್ಲಿ ಬರುತ್ತಿದ್ದ. ಹಸಿ ಹುಲ್ಲು ಎರಡು ಕಡೆಯೂ ಭುಜದವರೆಗೆ ಇಳಿಬಿದ್ದಿತ್ತು.

ಗುರುಗಳು ಹಿಂದಿನಿಂದ ಕರೆದರು. ಅವನು ನಡೆಯುತ್ತಲೇ ಇದ್ದ. ಇನ್ನೂ ಗಟ್ಟಿಯಾಗಿ ಎರಡು ಸಲ ಕರೆದರು. ಆಮೇಲೆ ಓಡಿಬಂದು ಹೊರೆಯನ್ನು ಹಿಡಿದು ಎಳೆದರು.

“ಮೂರು ಸಲ ಕರೆದೆನಲ್ಲೋ!”

“ಏನೋ ಕೇಳಿಸಿತು ಬುದ್ಧಿ. ಯಾವ ಕಡೆಯಿಂದ ಅಂತ ತಿಳೀಲಿಲ್ಲ. ಕಿವಿ ಪಕ್ಕದಲ್ಲೇ ಹುಲ್ಲು ಸರಸರ ಅಂತಿರುತ್ತೆ. ಇಷ್ಟು ದೊಡ್ಡ ಹೊರೆ ಹೊತ್ತೋರು ಕತ್ತು ಹೇಗೆ ತಿರುಗಿಸ್ತಾರೆ?”

ಅಷ್ಟು ಹೇಳಿ ಅವನು ನಿಂತುಬಿಟ್ಟ. ತಾನು ಏನು ಹೇಳಿದೆ ಎಂಬುದು ಅವನಿಗೇ ಆಗ ಕೇಳಿಸಿತು. ಹೊರೆ ಕೆಳಗೆ ಬಿತ್ತು.

“ಅವಳ ತಲೆ ಮೇಲೂ ಹುಲ್ಲಿನ ಹೊರೆ ಇತ್ತು ಬುದ್ಧಿ. ನನಗೆ ಕಂಡದ್ದೇ ಹೊರೆ. ಕಾಲು ಬಂದ ಹೊರೆ.”

ಗುರುಗಳು ದಾರಿಯ ಮೇಲೆಯೇ ಕೂತರು. ಅವನೂ ಕೂತ.

“ಕಂಡ ಕೂಡಲೇ ನಾನು ಬ್ರೇಕ್ ಹಾಕಲಿಲ್ಲ. ಹಾರ್ನ್ ಹೊಡೆದೆ.”

“ಯಾಕೆ?”

“ಎಲ್ಲರೂ ಮೊದಲು ಹಾರ್ನೇ ಹೊಡೆಯೋದು. ಹಳಿ ಮೇಲೆ ದಿನಾ ಜನ ಇರ್ತಾರೆ. ಕಂಡ ಕಂಡವರಿಗೆಲ್ಲ ಬ್ರೇಕ್ ಹಾಕಿದರೆ ರೈಲು ಊರು ಸೇರಲ್ಲ. ನಿಂತ ರೈಲಿನ ಪೈಪಿಗೆ ಮತ್ತೆ ಗಾಳಿ ತುಂಬಬೇಕು. ಯಾಕೆ ನಿಲ್ಲಿಸಿದೆ ಅಂತ ಬರೆದು ಕೊಡಬೇಕು. ಹಾರ್ನ್ ಹೊಡೆದರೆ ಸರೀತಾರೆ ಬುದ್ಧಿ. ಇಪ್ಪತ್ತೆರಡು ವರ್ಷ ಎಲ್ಲರೂ ಸರಿದಿದ್ದರು. ಇವಳೂ ಸರೀತಾಳೆ ಅಂದುಕೊಂಡೆ.”

“ಎಷ್ಟು ಹೊತ್ತು ಅಂದುಕೊಂಡೆ?”

“ನಾಲ್ಕು ಸೆಕೆಂಡು.”

“ವಿಚಾರಣೆಯಲ್ಲಿ ಏನು ಹೇಳಿದೆ?”

“ಕೂಡಲೇ ಹಾಕಿದೆ ಅಂದೆ. ಅವಳು ಕಂಡಿದ್ದು ನಾನೂರು ಮೀಟರಿನಲ್ಲಿ. ಆ ವೇಗದಲ್ಲಿ ರೈಲು ನಿಲ್ಲೋಕೆ ಐನೂರರ ಮೇಲೆ ಬೇಕು. ಹೇಗೂ ನಿಲ್ಲುತ್ತಿರಲಿಲ್ಲ, ಡ್ರೈವರದು ತಪ್ಪಿಲ್ಲ ಅಂತ ಬರೆದರು.”

“ಅವರು ಬರೆದದ್ದು ಸುಳ್ಳಾ?”

“ಲೆಕ್ಕ ಸರಿ ಬುದ್ಧಿ. ಕೂಡಲೇ ಹಾಕಿದ್ದರೂ ರೈಲು ನಿಲ್ಲುತ್ತಿರಲಿಲ್ಲ. ಆದರೆ ತಡವಾಗಿ ಬರುತ್ತಿತ್ತು. ಬ್ರೇಕ್ ಇರೋದು ನಿಲ್ಲಿಸೋಕಷ್ಟೇ ಅಲ್ಲ, ತಡ ಮಾಡೋಕೂ ಹೌದು. ಅದನ್ನ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.”

“ಎಷ್ಟು ತಡ?”

“ಮೂರು ಸೆಕೆಂಡು. ಅವಳು ನಾಲೆ ಮೇಲಿನ ಸಣ್ಣ ಸೇತುವೆ ದಾಟುತ್ತಿದ್ದಳು. ಪಕ್ಕಕ್ಕೆ ಸರಿಯೋಕೆ ಅಲ್ಲಿ ಜಾಗವಿಲ್ಲ. ಆಚೆ ದಡಕ್ಕೆ ಇನ್ನು ಮೂರು ಹೆಜ್ಜೆ ಇತ್ತು.”

ಹೊಳೆ ಹರಿಯುತ್ತಿತ್ತು.

“ಇಷ್ಟು ದಿನ, ಅಷ್ಟು ಹಾರ್ನ್ ಹೊಡೆದರೂ ಸರೀಲಿಲ್ಲವಲ್ಲ ಅಂತ ಅವಳ ಮೇಲೆ ಸಿಟ್ಟು ಮಾಡಿಕೊಂಡು ಬದುಕಿದ್ದೆ ಬುದ್ಧಿ. ಈಗ ಅದೂ ಹೋಯಿತು. ನಾನು ಕೊಂದೆನಾ?”

ಗುರುಗಳು ಎದ್ದು ಹೊರೆಯನ್ನು ತಮ್ಮ ತಲೆಗೆ ಏರಿಸಿಕೊಂಡು ಹಸುವಿನ ಕಡೆ ನಡೆದರು. ಆಗ ಅವರಿಗೆ ಎಪ್ಪತ್ತೆಂಟು ವರ್ಷ.

ಬುಧವಾರ ಕರಿಬಸವಯ್ಯ ಊಟ ಮಾಡಲಿಲ್ಲ. ಸಂಜೆ ಗುರುಗಳ ಹತ್ತಿರ ಬಂದ.

“ಸುಳ್ಳು ಹೇಳಿದರೆ ಆ ಮೂರು ಹೆಜ್ಜೆಯ ಭಾರ ನನಗೊಬ್ಬನಿಗೆ. ನಿಜ ಹೇಳಿದರೆ ಆ ಮಗಳಿಗೂ, ಸಾಯೋವರೆಗೂ. ಏನು ಹೇಳಲಿ ಬುದ್ಧಿ?”

“ಅವಳು ಏನು ಕೇಳಿದ್ದಾಳೆ?”

“ಕೂಡಲೇ ಹಾಕಿದಿರಾ ಅಂತ.”

“ಮತ್ತೆ?”

“ಅಷ್ಟೇ.”

“ಅಷ್ಟೇನಾ,” ಎಂದು ಗುರುಗಳು ಮಲಗಲು ಹೋದರು.

ಗುರುವಾರ ಬೆಳಗ್ಗೆ ಅವಳು ಬಂದಳು. ಮೂವತ್ತರ ಹತ್ತಿರದ ಹೆಂಗಸು. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದಿದ್ದಳು. ಗುರುಗಳಿಗೆ ನಮಸ್ಕರಿಸಿದಳು. ನೀರು ಕೊಟ್ಟರೆ ಮುಟ್ಟಲಿಲ್ಲ. ಕರಿಬಸವಯ್ಯನ ಎದುರಿಗೆ ಕಲ್ಲಿನ ಮೇಲೆ ಕೂತಳು.

ಅದೇ ಹೊತ್ತಿಗೆ ಸೇತುವೆಯ ಮೇಲೆ ರೈಲು ಬಂತು. ಅವನ ಕೈ ಮೇಲೆದ್ದಿತು, ಏನನ್ನೋ ಹಿಡಿಯಿತು, ತಿರುಗಿಸಿತು. ಅವಳು ಆ ಕೈಯನ್ನೇ ನೋಡಿದಳು. ಕೊನೆಯ ಬೋಗಿ ದಾಟಿದ ಮೇಲೆ ಕೇಳಿದಳು:

“ನಮ್ಮಮ್ಮನ್ನ ಕಂಡ ಕೂಡಲೇ ಬ್ರೇಕ್ ಹಾಕಿದಿರಾ?”

ಕರಿಬಸವಯ್ಯ ಅವಳ ಮುಖ ನೋಡಿದ. ನೆಲ ನೋಡಿದ. ಕೈ ಚಾಚಿ ಪಕ್ಕದಲ್ಲಿದ್ದ ಖಾಲಿ ಕೊಡವನ್ನು ಹತ್ತಿರಕ್ಕೆ ಎಳೆದುಕೊಂಡ.

“ಬ್ರೇಕ್ ಅಂದರೆ ಏನು ತಾಯಿ, ಎಂಜಿನ್ನಿಂದ ಕೊನೇ ಬೋಗಿವರೆಗೆ ಒಂದು ಉದ್ದ ಪೈಪಿರುತ್ತೆ. ಅದರ ತುಂಬ ಗಾಳಿ. ಈ ಕೊಡ ಚಕ್ರ ಅಂದುಕೊಳ್ಳಿ…”

ಹಸುವಿನ ಬಳಿ ನಿಂತಿದ್ದ ಗುರುಗಳು ಅಲ್ಲಿಂದಲೇ ಹೇಳಿದರು:

“ಕರಿಬಸವಯ್ಯ, ಮತ್ತೆ ಹಾರ್ನ್ ಹೊಡೀತಾ ಇದ್ದೀಯಲ್ಲಪ್ಪ.”