ಹತ್ತೊಂಬತ್ತು ತಪ್ಪುಗಳು

"ಗುರುಗಳೇ, ನಾನು ಏನು ಹೇಳಿದರೂ ಅಲ್ಲ ಎನ್ನುವವನೊಬ್ಬನಿದ್ದಾನೆ. ಅವನ ಜೊತೆ ಹೇಗೆ ಬಾಳಲಿ?" ಎಂದು ಶಿಷ್ಯ ಕೇಳಿದ.

"ಯಾರಪ್ಪಾ ಅವನು?"

"ನನ್ನ ಜೊತೆಗೇ ಓದುವ ಸಿದ್ಧಲಿಂಗ. ಚರ್ಚೆಗೆ ಕೂತರೆ ಸಾಕು, ನನ್ನ ಮಾತಿಗೆ ಕೊಕ್ಕೆ ಹಾಕುತ್ತಾನೆ. ಅವನನ್ನು ಬೇರೆ ಮಠಕ್ಕೆ ಕಳಿಸಿಬಿಡಿ."

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು.

ಒಂದು ಊರಿನಲ್ಲಿ ರಾಜ್ಯಶಾಸ್ತ್ರ ಬಲ್ಲ ಇಬ್ಬರಿದ್ದರು. ಒಬ್ಬರು ತುಂಗಮ್ಮ, ಇನ್ನೊಬ್ಬರು ಚನ್ನವೀರಯ್ಯ. "ದಂಡದ ಭಯವಿಲ್ಲದೆ ರಾಜ್ಯ ನಿಲ್ಲದು" ಎಂದು ಚನ್ನವೀರಯ್ಯ ಬರೆದರು. "ಜನರ ನಂಬಿಕೆ ಇಲ್ಲದಿದ್ದರೆ ದಂಡ ಹಿಡಿದ ಕೈಯೇ ನಿಲ್ಲದು" ಎಂದು ತುಂಗಮ್ಮ ಬರೆದರು. ಹೀಗೆ ಮೂವತ್ತು ವರ್ಷ ನಡೆಯಿತು. ಒಬ್ಬರ ಪುಸ್ತಕ ಹೊರಬಂದ ಮರುವರ್ಷ ಇನ್ನೊಬ್ಬರ ಖಂಡನೆ ಹೊರಬರುತ್ತಿತ್ತು. ಸಭೆಗಳಲ್ಲಿ ನಮಸ್ಕಾರ ಮಾಡುತ್ತಿದ್ದರು. ಒಬ್ಬರ ಮನೆಯ ಹೊಸ್ತಿಲನ್ನು ಇನ್ನೊಬ್ಬರು ದಾಟಿರಲಿಲ್ಲ.

ತುಂಗಮ್ಮ ಇಪ್ಪತ್ತು ವರ್ಷ ಹಳ್ಳಿಹಳ್ಳಿಯ ಪಂಚಾಯಿತಿಗಳಿಗೆ ಹೋದರು. ಮೂಲೆಯಲ್ಲಿ ಕೂತು ಜನರ ಮಾತು ಕೇಳಿದರು. ಜಗಳವಾಡಿದವರು ಮರುದಿನ ಹೇಗೆ ಒಟ್ಟಿಗೆ ಕೂರುತ್ತಾರೆ ಎಂಬುದನ್ನು ಬರೆದು ಒಂದು ದೊಡ್ಡ ಪುಸ್ತಕ ಮಾಡಿದರು.

ಹಲವು ದೇಶಗಳ ವಿದ್ವಾಂಸರು ಸೇರಿ ರಾಜ್ಯಶಾಸ್ತ್ರಕ್ಕಾಗಿಯೇ ಒಂದು ಪ್ರಶಸ್ತಿ ಇಟ್ಟಿದ್ದರು. ಎರಡು ವರ್ಷಕ್ಕೊಮ್ಮೆ ಒಬ್ಬರಿಗೆ ಮಾತ್ರ ಕೊಡುತ್ತಿದ್ದರು. ಆ ಸಲ ಅವರ ಕಣ್ಣು ತುಂಗಮ್ಮನವರ ಪುಸ್ತಕದ ಮೇಲೆ ಬಿತ್ತು. ಆದರೆ ಅವರಲ್ಲಿ ಒಂದು ಪದ್ಧತಿ ಇತ್ತು. ಕೊಡುವ ಮೊದಲು, ಆ ಪುಸ್ತಕವನ್ನು ಒಪ್ಪದವರನ್ನು ಹುಡುಕಿ ಕೇಳುತ್ತಿದ್ದರು. ಚನ್ನವೀರಯ್ಯನವರಿಗೆ ಕಾಗದ ಬಂತು. "ಇದರಲ್ಲಿ ದೋಷಗಳಿದ್ದರೆ ತಿಳಿಸಿ. ಪ್ರಶಸ್ತಿ ಬೇಡವೆಂದು ನೀವು ಬರೆದರೆ ನಾವು ಕೊಡುವುದಿಲ್ಲ."

ಅಷ್ಟು ಹೊತ್ತಿಗೆ ಚನ್ನವೀರಯ್ಯನವರ ಕಣ್ಣು ಹೋಗಿತ್ತು. ಮಗಳು ಗೌರಿ ದಿನಾ ಪುಸ್ತಕವನ್ನು ಓದಿ ಹೇಳಿದಳು. ಒಂದು ವಾರದಲ್ಲಿ ಅವಳಿಗೆ ಸಾಕಾಯಿತು.

"ಅಪ್ಪಾ, ಬೇಡ ಅಂತ ಒಂದು ಸಾಲು ಬರೆದರೆ ಆಯಿತಲ್ಲ. ಹೇಗೂ ನೀವು ಇದನ್ನು ಒಪ್ಪುವವರಲ್ಲ."

"ಒಪ್ಪುವುದಿಲ್ಲ, ನಿಜ. ಅದಕ್ಕೇ ಪೂರ್ತಿ ಕೇಳಬೇಕು. ಓದವ್ವಾ."

ನಲವತ್ತು ದಿನ ಕೇಳಿದರು. ಕೆಲವು ಪುಟಗಳನ್ನು ಮೂರು ಮೂರು ಸಲ ಓದಿಸಿದರು. ಹತ್ತೊಂಬತ್ತು ತಪ್ಪುಗಳು ಸಿಕ್ಕವು. ಒಂದನ್ನೂ ಬಿಡದೆ ಮಗಳ ಕೈಯಲ್ಲಿ ಬರೆಸಿದರು. ಕೊನೆಗೆ ಇಷ್ಟು ಸೇರಿಸಿದರು: "ಇಂಥ ತಪ್ಪುಗಳನ್ನು ಮಾಡಬೇಕಾದರೆ ಇಪ್ಪತ್ತು ವರ್ಷ ಜನರ ನಡುವೆ ಕೂತಿರಬೇಕು. ನಾನು ಕೂತವನಲ್ಲ. ಪ್ರಶಸ್ತಿ ಆಕೆಗೇ ಸಲ್ಲಬೇಕು."

ಬರೆದು ಮುಗಿಸಿದಾಗ ಗೌರಿಯ ಕಣ್ಣು ಒದ್ದೆಯಾಗಿತ್ತು.

ತುಂಗಮ್ಮ ದೂರದೇಶಕ್ಕೆ ಹೋಗಿ ಪ್ರಶಸ್ತಿ ಪಡೆದರು. ಸಮಾರಂಭ ಮುಗಿದ ಮೇಲೆ ಅಲ್ಲಿಯ ಹಿರಿಯರು ಅವರ ಕೈಗೆ ಆ ಕಾಗದವನ್ನು ಕೊಟ್ಟರು. ಬರೆದವರ ಹೆಸರು ತೆಗೆದಿದ್ದರು. ಮೂರನೆಯ ತಪ್ಪು ಓದುವಷ್ಟರಲ್ಲಿ ತುಂಗಮ್ಮನವರಿಗೆ ಆ ದನಿ ಗೊತ್ತಾಯಿತು. ತನ್ನನ್ನು ಇಷ್ಟು ಜತನದಿಂದ ಓದುವ ಮನುಷ್ಯ ಒಬ್ಬರೇ. ಕಾಗದವನ್ನು ಎದೆಗೆ ಒತ್ತಿಕೊಂಡರು.

ಊರಿಗೆ ಬಂದವರು ತಮ್ಮ ಮನೆಗೆ ಹೋಗಲಿಲ್ಲ. ನೇರವಾಗಿ ಚನ್ನವೀರಯ್ಯನವರ ಮನೆಗೆ ಹೋದರು. ಬಾಗಿಲಲ್ಲಿ ನಿಂತು, ಕೃತಜ್ಞತೆಯ ಮಾತು ಹೇಳಲಾರದೆ, "ಏಳನೆಯದು ತಪ್ಪಲ್ಲ ರೀ" ಎಂದರು.

ಹಾಸಿಗೆಯ ಮೇಲೆ ಮಲಗಿದ್ದ ಚನ್ನವೀರಯ್ಯ ಎದ್ದು ಕೂತರು.

"ಒಳಗೆ ಬನ್ನಿ. ಕೂತು ಹೇಳಿ. ನಿಂತು ಹೇಳಿದರೆ ನಾನು ಒಪ್ಪುವುದಿಲ್ಲ."

ಅಂದು ದೀಪ ಹಚ್ಚುವವರೆಗೂ ವಾದ ಮಾಡಿದರು. ಏಳನೆಯದು ಇತ್ಯರ್ಥವಾಗಲಿಲ್ಲ. ಗೌರಿ ಇಬ್ಬರಿಗೂ ಊಟಕ್ಕೆ ಬಡಿಸಿದಳು. ಅಂದಿನಿಂದ ವಾರಕ್ಕೊಮ್ಮೆ ತುಂಗಮ್ಮ ಬಂದರು. ಆರು ತಪ್ಪುಗಳನ್ನು ಅವರು ಒಪ್ಪಿಕೊಂಡರು. ಐದನ್ನು ಚನ್ನವೀರಯ್ಯ ಹಿಂದಕ್ಕೆ ತೆಗೆದುಕೊಂಡರು. ಎಂಟು ಉಳಿದಿದ್ದವು. ಅಷ್ಟರಲ್ಲಿ ಚನ್ನವೀರಯ್ಯ ತೀರಿಕೊಂಡರು.

ತುಂಗಮ್ಮ ಪುಸ್ತಕವನ್ನು ತಿದ್ದಿ ಮತ್ತೆ ಅಚ್ಚು ಹಾಕಿಸಿದರು. ಉಳಿದ ಎಂಟು ಆಕ್ಷೇಪಗಳನ್ನು ಚನ್ನವೀರಯ್ಯನವರ ಹೆಸರಿನಲ್ಲಿಯೇ ಕೊನೆಯ ಪುಟಗಳಲ್ಲಿ ಸೇರಿಸಿ, "ಇವಕ್ಕೆ ನನ್ನಲ್ಲಿ ಇನ್ನೂ ಉತ್ತರವಿಲ್ಲ" ಎಂದು ಬರೆದರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕೇಳಿದ. "ಅಂಥ ದೊಡ್ಡ ಪ್ರಶಸ್ತಿ ಬಂದಿದೆ. ಎದುರು ಮಾತಾಡುವವರೂ ಇಲ್ಲ. ತುಂಗಮ್ಮನವರು ಈಗ ನೆಮ್ಮದಿಯಾಗಿದ್ದಾರೆಯೇ?"

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟು ಹೇಳಿದರು:

"ಪಾಪ, ಈಗ ಅವರು ಏನು ಹೇಳಿದರೂ ಎಲ್ಲರೂ ಹೌದು ಎನ್ನುತ್ತಾರೆ."