ಹಿರಿಯ ಕಪ್ಪೆ ಕಂಡ ಕಾರ್ಮೋಡ

ಸುಡುಬೇಸಿಗೆಯಲ್ಲಿ ಕೆರೆಯ ಹಿರಿಯ ಕಪ್ಪೆ ಬರಿಗಾಳಿಗೆ ನಾಲಿಗೆ ಚಾಚಿ ಚಾಚಿ ಸೋತು, "ಎಷ್ಟೊಂದು ಸೊಳ್ಳೆ, ಒಂದೂ ಸಿಗುತ್ತಿಲ್ಲ! ಎಡಗಡೆ ಮಿಂಚು ಬೇರೆ. ಮಳೆ ಬಂತು, ಕೂಗಿರೋ!" ಎಂದಿತು. ಹಿರಿಯರು ಹೇಳಿದ ಮೇಲೆ ಮುಗಿಯಿತು, ಕೆರೆಗೆ ಕೆರೆಯೇ ವಟಗುಟ್ಟಿತು.

ಏಡಿ ಮಾತ್ರ ಆಕಾಶ ನೋಡಿತು. ಒಂದು ಮೋಡವೂ ಇರಲಿಲ್ಲ. "ಯಜಮಾನರೇ, ಆ ಸೊಳ್ಳೆ, ಆ ಮಿಂಚು ಎರಡೂ ನಿಮ್ಮ ಕಣ್ಣೊಳಗೇ ಇವೆ. ವಯಸ್ಸಾಯಿತು, ಒಳಪರದೆ ಹರಿದೀತು. ಇವತ್ತೇ ವೈದ್ಯರಿಗೆ ತೋರಿಸಿ."

"ಹತ್ತು ಮಳೆಗಾಲ ಕಂಡ ಕಣ್ಣಯ್ಯ ಇದು!" ಎಂದು ಕಪ್ಪೆ ಗದರಿತು.

ಮರುದಿನ ಅದರ ಎಡಗಣ್ಣಿಗೆ ಕತ್ತಲು ಕವಿಯಿತು. ಕಪ್ಪೆ ಹಿಗ್ಗಿತು. "ನೋಡಿರೋ, ಎಡಗಡೆ ಕಾರ್ಮೋಡ! ನಾನು ಹೇಳಿರಲಿಲ್ಲವೇ?"

ಉಳಿದ ಕಪ್ಪೆಗಳೆಲ್ಲ ದುಡುದುಡು ನೀರಿಗೆ ಹಾರಿದವು.

"ಹೇಳಿದ್ದಿರಿ, ಯಜಮಾನರೇ," ಎಂದಿತು, ಎಡಗಡೆಯೇ ಬಂದು ನಿಂತಿದ್ದ ಕೊಕ್ಕರೆ.